ಕಿವಿಗೆ ಬೀಳುವುದು ಯಾವ ಊರಿನ ಕನ್ನಡ? ಒಂದು ಆಡಿಯೋ ಪುಸ್ತಕ ಸೇವೆಯ ವಿಮರ್ಶೆ

ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ವರೆಗೆ ಲೋಕಲ್ ರೈಲಿನಲ್ಲಿ ನಿಂತು ಹೋಗುವವರಿಗೆ ಪುಸ್ತಕ ಬಿಡಿಸಿ ಹಿಡಿಯುವಷ್ಟು ಜಾಗ ಸಿಗುವುದಿಲ್ಲ. ನನ್ನ ಕನ್ನಡದ ಓದು ಈಗ ಬಹುಮಟ್ಟಿಗೆ ಕಿವಿಯ ಮೂಲಕವೇ ನಡೆಯುತ್ತಿದೆ. ನಾನು ಚಂದಾ ಕಟ್ಟಿ ಬಳಸುತ್ತಿರುವ ಸೇವೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ, ಏಕೆಂದರೆ ನಾನು ಎತ್ತುವ ಆಕ್ಷೇಪಗಳು ಇಂಥ ಯಾವ ಸೇವೆಗೂ ಅನ್ವಯಿಸಬಹುದು. ದರ ಹೆಚ್ಚಲ್ಲ, ಡೌನ್‌ಲೋಡ್ ಮಾಡಿಟ್ಟುಕೊಂಡರೆ ದಾರಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಕೇಳಬಹುದು. ಆ ವಿಷಯದಲ್ಲಿ ದೂರಿಲ್ಲ. ನಾನು ಪರಿಶೀಲಿಸಲು ಬಯಸುವುದು ಪುಸ್ತಕಗಳಿಗೆ ಧ್ವನಿ ಕೊಟ್ಟವರ ಉಚ್ಚಾರಣೆಯನ್ನು.

ಈ ಸಂಗ್ರಹದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಧಾರವಾಡದ ಕಡೆಯ ವಾಚಕಿಯೊಬ್ಬರ ಧ್ವನಿ. ನಿರೂಪಣೆಯ ಭಾಗವನ್ನು ಅವರು ಗ್ರಾಂಥಿಕ ಕನ್ನಡದಲ್ಲೇ ಓದುತ್ತಾರೆ, ಆದರೆ ಪಾತ್ರಗಳು ಮಾತಿಗೆ ತೊಡಗಿದೊಡನೆ 'ಮನೆ' ಎಂಬುದು 'ಮನಿ' ಆಗುತ್ತದೆ, 'ಹೋಗುತ್ತಾನೆ' ಎಂಬುದು 'ಹೋಗ್ತಾನ' ಆಗುತ್ತದೆ, ವಾಕ್ಯದ ಕೊನೆಯ 'ರೀ' ಒಮ್ಮೆ ಗೌರವವನ್ನೂ ಒಮ್ಮೆ ಸಿಟ್ಟನ್ನೂ ಹೊತ್ತು ಬರುತ್ತದೆ. ಆ 'ರೀ'ಯ ಏರಿಳಿತವನ್ನು ಯಾವ ಲಿಪಿಯೂ ತೋರಿಸಲಾರದು. ಅಲ್ಲಿ ಹುಟ್ಟಿ ಬೆಳೆದ ಕಂಠವೇ ಬೇಕು. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಆಡಳಿತದಲ್ಲಿ ಮುಂಬೈಗೇ ಸೇರಿದ್ದವು ಎಂಬುದನ್ನು ನೆನೆದರೆ, ಈ ನಗರದ ಕನ್ನಡಿಗರಿಗೆ ಆ ಮಾತು ಪರಕೀಯವಾಗಬೇಕಾದ ಕಾರಣವೇ ಇಲ್ಲ. ಒಂದೇ ತೊಡಕೆಂದರೆ, ಪದಾಂತ್ಯದ ಸ್ವರಗಳು ಮೊಟಕಾಗುವ ಈ ಶೈಲಿಯನ್ನು ವೇಗ ಹೆಚ್ಚಿಸಿ ಕೇಳಬಾರದು. ಸಹಜ ವೇಗದಲ್ಲಿ ಸೊಗಸಾಗಿರುವ ಓದು ಒಂದೂವರೆ ಪಟ್ಟು ವೇಗದಲ್ಲಿ ರೈಲಿನ ಸದ್ದಿನ ನಡುವೆ ಅರ್ಥವಾಗುವುದಿಲ್ಲ.

ವೇಗ ಹೆಚ್ಚಿಸಿದರೂ ಸ್ಪಷ್ಟವಾಗಿ ಉಳಿಯುವುದು ಮಂಗಳೂರು, ಉಡುಪಿ ಕಡೆಯವರ ಕನ್ನಡ. ಅಲ್ಲಿ ಅನೇಕರ ಮನೆಮಾತು ತುಳು ಅಥವಾ ಕೊಂಕಣಿ. ಕನ್ನಡವನ್ನು ಅವರು ಶಾಲೆಯಲ್ಲಿ, ಪುಸ್ತಕದ ಮೂಲಕ ಕಲಿತವರಾದ್ದರಿಂದ ಪ್ರತಿಯೊಂದು ಅಕ್ಷರವೂ ಪೂರ್ತಿಯಾಗಿ ಹೊರಡುತ್ತದೆ. ಮುಂಬೈಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ಇಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹಿರಿಯರ ಮಾತಿನಲ್ಲಿ ನಾನು ಕೇಳಿದ್ದು ಇದೇ ಕನ್ನಡವನ್ನು, ಆದ್ದರಿಂದ ನನ್ನ ಪಕ್ಷಪಾತ ಸ್ವಲ್ಪ ಇದ್ದೀತು. ಆದರೆ ಈ ಸೇವೆ ಕರಾವಳಿಯನ್ನೆಲ್ಲ ಒಂದೇ ಎಂದು ಭಾವಿಸಿರುವುದು ಸರಿಯಲ್ಲ. ಕುಂದಾಪುರದ ಪರಿಸರದ ಕಥೆಯೊಂದನ್ನು ಮಂಗಳೂರಿನ ಉಚ್ಚಾರಣೆಯವರಿಂದ ಓದಿಸಿದ್ದಾರೆ. ಕುಂದಾಪುರದಲ್ಲಿ ಕನ್ನಡವೇ ಮನೆಮಾತು; ಅದು ಚುರುಕಾಗಿ, ಪದಗಳನ್ನು ಸಂಕೋಚಿಸಿಕೊಂಡು ಸಾಗುವ ಮಾತು. 'ಬರುತ್ತೇನೆ' ಎನ್ನಬೇಕಾದಲ್ಲಿ 'ಬತ್ತೆ' ಎಂದು ಮುಗಿಸುವ ಆ ಅವಸರವನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಓದಿದಾಗ ಕಥೆಯ ಅಜ್ಜಿಯೂ ಮೊಮ್ಮಗನೂ ಪಾಠ ಒಪ್ಪಿಸುವವರಂತೆ ಕೇಳಿಸುತ್ತಾರೆ.

ಮೈಸೂರು ಕಡೆಯ ವಾಚಕರು ಇಬ್ಬರಿದ್ದಾರೆ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರದ ಕಾಲದಿಂದ ನಮಗೆ ಪರಿಚಿತವಾಗಿರುವ ಮೃದುವಾದ ಕನ್ನಡ ಅವರದು; ಪ್ರಬಂಧ, ಆತ್ಮಕಥೆಗಳಿಗೆ ಚೆನ್ನಾಗಿ ಒಪ್ಪುತ್ತದೆ.

ನನಗೆ ಸ್ವಲ್ಪವೂ ಹಿಡಿಸದ ಉಚ್ಚಾರಣೆ ಯಾವ ಊರಿಗೂ ಸೇರಿದ್ದಲ್ಲ. ಹಳೆ ಮೈಸೂರಿನ ಹಳ್ಳಿಯವರು 'ಹಾಲು' ಎನ್ನುವಲ್ಲಿ 'ಆಲು' ಎಂದರೆ ಅದು ಅವರ ಮಾತಿನ ಸಹಜ ರೀತಿ, ಅದನ್ನು ನಾನು ದೋಷವೆನ್ನಲಾರೆ. ಆದರೆ ಇತ್ತೀಚೆಗೆ ಸೇರಿಸಿರುವ ಹಲವು ಪುಸ್ತಕಗಳಲ್ಲಿ ಪದದ ಮೊದಲಕ್ಷರಕ್ಕೆ ಇಂಗ್ಲಿಷಿನಂತೆ ಒತ್ತು ಕೊಟ್ಟು, ಉಳಿದುದನ್ನು ನುಂಗಿ, ಒತ್ತಕ್ಷರಗಳನ್ನು ಹಿಡಿದು ನಿಲ್ಲಿಸದೆ, 'ಳ'ವನ್ನು 'ಲ' ಮಾಡಿ, ಎಲ್ಲ ವಾಕ್ಯಗಳನ್ನೂ ಜಾಹೀರಾತಿನ ಉತ್ಸಾಹದಲ್ಲಿ ಮುಗಿಸುವ ಓದು ತುಂಬಿಕೊಂಡಿದೆ. ಸಾವಿನ ಮನೆಯ ದೃಶ್ಯವೂ ಅದೇ ಉಲ್ಲಾಸದಲ್ಲಿ ಬರುತ್ತದೆ. ಇದಕ್ಕಿಂತಲೂ ಕೆಳಮಟ್ಟದ್ದು ಯಂತ್ರದ ಧ್ವನಿಯಲ್ಲಿ ಓದಿಸಿದ ಪುಸ್ತಕಗಳು. ಅಕ್ಷರಗಳೇನೋ ಬಹುತೇಕ ಸರಿಯಾಗಿವೆ, ಆದರೆ ಗ್ರಾಮ್ಯ ಸಂಭಾಷಣೆ ಬಂದೊಡನೆ ಯಂತ್ರ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಪದವನ್ನು ನಡುವೆಯೇ ತುಂಡರಿಸುತ್ತದೆ.

ಮುಂಬೈಯಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಇದು ಸಣ್ಣ ಸಂಗತಿಯಲ್ಲ. ಮರಾಠಿಯಲ್ಲಾಗಲಿ ಹಿಂದಿಯಲ್ಲಾಗಲಿ ಎ–ಏ, ಒ–ಓ ಎಂಬ ಹ್ರಸ್ವ ದೀರ್ಘ ಭೇದವಿಲ್ಲ. ಆದ್ದರಿಂದ ಇಲ್ಲಿನ ಶಾಲೆಗಳಲ್ಲಿ ಕಲಿಯುವ ನಮ್ಮ ಮಕ್ಕಳು 'ಬೆಳೆ'ಯನ್ನೂ 'ಬೇಳೆ'ಯನ್ನೂ ಒಂದೇ ರೀತಿ ಉಚ್ಚರಿಸುವುದು ಸಾಮಾನ್ಯ. ಮರಾಠಿಯಲ್ಲಿ 'ಳ', 'ಣ' ಇರುವುದರಿಂದ ಆ ಎರಡು ಮಾತ್ರ ಅವರ ನಾಲಿಗೆಯಲ್ಲಿ ಉಳಿದುಕೊಂಡಿವೆ. ಮನೆಯ ಹೊರಗೆ ಒಳ್ಳೆಯ ಕನ್ನಡ ಕೇಳುವ ಅವಕಾಶ ಕಡಿಮೆಯಿರುವ ಮಕ್ಕಳಿಗೆ ಹಣ ಕೊಟ್ಟು ತರಿಸಿದ ಧ್ವನಿಯೇ 'ಳ'ವನ್ನು ಕೆಡಿಸುವುದಾದರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಪ್ರತಿ ಪುಸ್ತಕದ ಪುಟದಲ್ಲಿ ವಾಚಕರ ಹೆಸರಿನ ಜೊತೆಗೆ ಅವರ ಸೀಮೆಯನ್ನೂ ನಮೂದಿಸಿ, ಯಂತ್ರದ ಓದಾಗಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಕಲಬುರಗಿ, ಬೀದರ್ ಕಡೆಯ ಧ್ವನಿ ಇದುವರೆಗೆ ಒಂದೂ ಇಲ್ಲ, ಅದು ಸೇರಬೇಕು. ಸದ್ಯಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಅವುಗಳಲ್ಲಿ ಎರಡು ಧಾರವಾಡದ ಆ ವಾಚಕಿಗೆ ಸಲ್ಲತಕ್ಕವು. ಚಂದಾ ಕಟ್ಟುವ ಮೊದಲು ಉಚಿತವಾಗಿ ಸಿಗುವ ಮಾದರಿ ತುಣುಕನ್ನು, ಅದರಲ್ಲೂ ಸಂಭಾಷಣೆಯಿರುವ ಭಾಗವನ್ನು, ಕೇಳಿ ನೋಡಿ.