ಪಡಸಾಲೆ ಗೋಡೆಗೆ ಯಾವುದು: ಲೂವರ್, ಎಂಡಿಎಫ್, ವೆನೀರ್

ಕೊಪ್ಪಳ, ರಾಯಚೂರು ಕಡೆ ಗೋಡೆಯ ಪ್ಯಾನೆಲ್ ಕೆಡುವುದು ಮಳೆಗಿಂತ ಹೆಚ್ಚಾಗಿ ಬಿಸಿಲಿಗೆ, ಗೆದ್ದಲಿಗೆ. ಅಂಗಡಿಯವರು ಕೈಗೆ ಕೊಡುವ ಅರ್ಧ ಅಡಿ ಸ್ಯಾಂಪಲ್‌ನಲ್ಲಿ ಇವೆರಡೂ ಕಾಣುವುದಿಲ್ಲ. ಪಡುವಣಕ್ಕಿರುವ 10×10 ಅಡಿ ಗೋಡೆಯ ಲೆಕ್ಕದಲ್ಲಿ ಮೂರನ್ನೂ ನೋಡೋಣ.

ಪಿವಿಸಿ ಲೂವರ್, ಅಂದರೆ ಉದ್ದಕ್ಕೂ ಏಣುಗಳಿರುವ ಪ್ಲಾಸ್ಟಿಕ್ ಪಟ್ಟಿ, ಒಂದೇ ದಿನದ ಕೆಲಸ. ಪಟ್ಟಿ ಸಾಮಾನ್ಯವಾಗಿ 9.5 ಅಡಿ, ಉಳಿದ ಅರ್ಧ ಅಡಿಗೆ ಕೆಳಗೆ ಸ್ಕರ್ಟಿಂಗ್ ಕೊಡಬೇಕು. ಒಂದಕ್ಕೊಂದು ಸೇರಿದ ಮೇಲೆ ಪಟ್ಟಿ 5 ಇಂಚು ಮುಚ್ಚಿದರೆ 24 ಬೇಕು, ತುಂಡಾಗುವುದಕ್ಕೆಂದು ಇನ್ನೆರಡು. ಹಿಂದೆ 19 ಇಂಚಿಗೊಂದು ಅಡ್ಡಪಟ್ಟಿಯಂತೆ 7 ಸಾಲು, ಒಟ್ಟು 70 ಅಡಿ. ತೊಂದರೆ ಶುರುವಾಗುವುದು ಬೇಸಿಗೆಯಲ್ಲಿ. ಜನವರಿಯಲ್ಲಿ ಕೂರಿಸಿದ ಪಟ್ಟಿ ಮೇ ಮಧ್ಯಾಹ್ನ 20 ಡಿಗ್ರಿ ಹೆಚ್ಚು ಕಾದರೆ 3–4 ಮಿ.ಮೀ. ಉದ್ದವಾಗುತ್ತದೆ. ಮೇಲೆ ಕೆಳಗೆ ತಾಗಿಸಿ ಬಿಗಿದಿದ್ದರೆ ನಡುವೆ ಹೊಟ್ಟೆ ಬರುತ್ತದೆ. ಒತ್ತಿದರೆ ಟಪ್ ಎಂದು ಒಳಹೋಗಿ ಮತ್ತೆ ಉಬ್ಬುತ್ತದೆ. ಎರಡೂ ತುದಿಗೆ 4–5 ಮಿ.ಮೀ. ಸಂದು ಬಿಟ್ಟು ಅಂಚುಪಟ್ಟಿಯಿಂದ ಮುಚ್ಚಿ. ನಡುಸಾಲಿನಲ್ಲಿ ಮಾತ್ರ ಬಿಗಿಯಾದ ಸ್ಕ್ರೂ, ಉಳಿದ ಕಡೆ ಉದ್ದ ತೂತು ಹಾಕಿ ಸಡಿಲ ಸ್ಕ್ರೂ.

ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಅಗ್ಗ, ಗೆರೆ ಕೊರೆದರೆ ಚಂದ. ಆದರೆ ನೆಲ ಒರೆಸುವ ಒದ್ದೆ ಬಟ್ಟೆ ದಿನಾ ತಾಗುವ ಕೆಳಅಂಚು ಊದಿದರೆ ಮತ್ತೆ ಇಳಿಯದು. ಗಂಗಾವತಿ, ಸಿಂಧನೂರಿನ ಕಾಲುವೆ ಭಾಗದಲ್ಲಿ ಸವಳು ಹಿಡಿದ ಗೋಡೆಗಂತೂ ಬೇಡವೇ ಬೇಡ.

ಪಡುವಣ ಗೋಡೆಗೆ ನಮ್ಮ ಮತ ವೆನೀರ್‌ಗೆ: 12 ಮಿ.ಮೀ. ಪ್ಲೈ ಮೇಲೆ 4 ಮಿ.ಮೀ. ತೇಗದ ವೆನೀರ್ (ತೆಳು ಪ್ಲೈಗೆ ತೇಗದ ತೆಳುಪದರ ಅಂಟಿಸಿದ ಹಾಳೆ). ಕಾವಿಗೆ ಪ್ಲೈ ಅಷ್ಟು ಉದ್ದವಾಗುವುದಿಲ್ಲ. ಖರ್ಚು, ಕೆಲಸ ಎರಡೂ ಜಾಸ್ತಿ. ಪಾಲಿಶ್‌ಗೇ ಕೆಲವು ದಿನ. ನೇರ ಬಿಸಿಲು ಬೀಳುವಲ್ಲಿ ಬಣ್ಣ ಬದಲಾಗುತ್ತದೆ, ಪರದೆ ಬೇಕು. ಹಾಳೆ 8×4 ಅಡಿ. ಗೋಡೆ ಪೂರ್ತಿ ಮುಚ್ಚಲು ಹೊರಟರೆ ಮೂರು ಹಾಳೆ ಮುಗಿದ ಮೇಲೂ 2 ಅಡಿ ಚೌಕ ಉಳಿದು, ಅಷ್ಟಕ್ಕೇ ನಾಲ್ಕನೆಯದು ತರಬೇಕು. 8 ಅಡಿಗೆ ನಿಲ್ಲಿಸಿ ಮೇಲಿನ 2 ಅಡಿಗೆ ಬಣ್ಣ ಹೊಡೆದರೆ ಎರಡೂವರೆ ಹಾಳೆ ಸಾಕು.

ಲೂವರ್‌ಗೆ ಗೆದ್ದಲು ಹಿಡಿಯದೆನ್ನುವುದು ಅರ್ಧ ಸತ್ಯ. ಪ್ಲಾಸ್ಟಿಕ್ ಉಳಿಯುತ್ತದೆ, ಹಿಂದಿನ ಮರದ ಅಡ್ಡಪಟ್ಟಿ ಮಣ್ಣಾಗುತ್ತದೆ; ಸ್ಕ್ರೂ ಹಿಡಿತ ಬಿಟ್ಟಾಗಲೇ ತಿಳಿಯುವುದು. ಅಡ್ಡಪಟ್ಟಿಗೆ ಅಲ್ಯೂಮಿನಿಯಂ ಪೈಪ್ ಹಾಕಿಸಿ. ಹಳೆಯ ಕಲ್ಲುಮಣ್ಣಿನ ಗೋಡೆಯಲ್ಲಿ ಗಿಲಾವಿಗಷ್ಟೇ ನಿಂತ ಪ್ಲಗ್ ಕಿತ್ತುಬರುತ್ತದೆ. ತೂತು ಕಲ್ಲಿನವರೆಗೂ ಹೋಗಲಿ.