ಹರಿಯದ ಒಳಕವರಿನ ‘ನೋ ನ್ಯೂಯಾರ್ಕ್’

ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದುಕೊಂಡಿದ್ದ ವಾರವೇ ‘ನೋ ನ್ಯೂಯಾರ್ಕ್’ ಎಲ್‌ಪಿ ರೆಕಾರ್ಡ್ ಮನೆಗೆ ಬಂತು. ಆಂಟಿಲೀಸ್ ಕಂಪನಿ 1978ರಲ್ಲಿ ಅಚ್ಚು ಹಾಕಿದ ಪ್ರತಿ. ಬೆಂಗಳೂರಿನ ಒಬ್ಬ ಹಳೇ ರೆಕಾರ್ಡ್ ವ್ಯಾಪಾರಿಯಿಂದ ತರಿಸಿದೆ. ಕೊರಿಯರ್ ಸೇರಿ 4,800 ರೂಪಾಯಿ. ಬ್ರಿಟನ್ನಿನ ಸಂಗೀತಗಾರ ಬ್ರಯಾನ್ ಈನೋ ಮಾಡಿಸಿದ ಈ ರೆಕಾರ್ಡಿನಲ್ಲಿ ನ್ಯೂಯಾರ್ಕಿನ ನಾಲ್ಕು ‘ನೋ ವೇವ್’ ತಂಡಗಳಿವೆ, ತಂಡಕ್ಕೆ ನಾಲ್ಕು ಹಾಡು. ನೋ ವೇವ್ ಅಂದರೆ ರಾಕ್ ಸಂಗೀತದ ಕಟ್ಟುಪಾಡನ್ನೇ ಬಿಟ್ಟ ಒರಟು ಸದ್ದಿನ ಸಂಗೀತ. ಅವುಗಳಲ್ಲಿ ನನಗೆ ಬೇಕಿದ್ದದ್ದು ಡಿಎನ್‌ಎ ಅನ್ನೋ ತಂಡ.

ಪ್ಯಾಕಿಂಗ್ ಬಹಳ ಚೆನ್ನಾಗಿತ್ತು. ಪ್ಲೇಟನ್ನು ಕವರಿನಿಂದ ತೆಗೆದು ಬೇರೆಯಾಗಿ ಇಟ್ಟಿದ್ದರು. ಒಳಗೇ ಬಿಟ್ಟರೆ ದಾರಿಯಲ್ಲಿ ಕುಲುಕಿ ಕವರಿನ ಅಂಚು ಸೀಳುತ್ತೆ. ಆದರೆ ‘ಕ್ಲೀನ್ ಇದೆ’ ಅಂತ ಹೇಳಿದ್ದು ನಿಜವಲ್ಲ. ಗೆರೆಗಳಲ್ಲಿ ಬೂಷ್ಟು ಕೂತಿತ್ತು. ಡಿಸ್ಟಿಲ್ಡ್ ವಾಟರ್ ಹಾಕಿ, ಗೆರೆ ಹೋದ ಕಡೆಗೇ ಎರಡು ಸಲ ಒರೆಸಿದ ಮೇಲೆ ಚಟಪಟ ಸದ್ದು ಹೋಯಿತು. ಬಿ ಬದಿಯ ಮೊದಲ ಹಾಡಿನಲ್ಲಿ ಒಂದು ಗೀರು ಮಾತ್ರ ಉಳಿದಿದೆ. ಅದನ್ನು ಮೊದಲೇ ಹೇಳಬೇಕಿತ್ತು.

ಇಷ್ಟಾದರೂ ವಾಪಸ್ ಕಳಿಸಲಿಲ್ಲ. ಕಾರಣ ಒಳಕವರು. ಹಾಡಿನ ಸಾಲುಗಳನ್ನು ಅದರ ಒಳಮೈ ಮೇಲೆ ಅಚ್ಚು ಮಾಡಿದ್ದಾರೆ. ಸರಿಯಾಗಿ ಓದಬೇಕು ಅಂದರೆ ಕವರನ್ನೇ ಹರಿಯಬೇಕು. ಈ ಪ್ರತಿಯನ್ನು ಇಷ್ಟು ವರ್ಷ ಯಾರೂ ಹರಿದಿಲ್ಲ! ಬಾಯಿ ಮೆಲ್ಲಗೆ ಅಗಲಿಸಿ, ಮೊಬೈಲ್ ಟಾರ್ಚ್ ಬಿಟ್ಟು, ಒಂದೊಂದೇ ಪದ ಓದಿದೆ. ಕಾಗದದ ಮಡಿಕೆ ಹತ್ತಿರದ ಅಕ್ಷರ ಕಾಣಲ್ಲ. ಪರವಾಗಿಲ್ಲ, ನಾನೂ ಹರಿಯಲ್ಲ.

ಆಮೇಲೆ ಮುಳ್ಳು ಇಟ್ಟೆ. ಡಿಎನ್‌ಎ ತಂಡದ ಆರ್ಟೊ ಲಿಂಡ್ಸೆ ಗಿಟಾರನ್ನು ಶ್ರುತಿ ಮಾಡದೆಯೇ ಕೆರೆಯುತ್ತಾರೆ, ಮೀಟುತ್ತಾರೆ, ನಡುವೆ ಚೀರುತ್ತಾರೆ. ಡ್ರಮ್ ಇಕುವೆ ಮೋರಿಯವರದು. ಜಪಾನಿನಿಂದ ಬಂದು ಈ ತಂಡ ಸೇರುವವರೆಗೂ ಅವರು ಡ್ರಮ್ ನುಡಿಸಿದವರೇ ಅಲ್ಲ. ಅದಕ್ಕೇ ಇರಬೇಕು, ಆ ಪೆಟ್ಟು ಬೇರೆ ಯಾರ ಹಾಗೂ ಇಲ್ಲ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತು ಕೇಳಿದರು. “ಗಿಟಾರಿನವನು ಎಲ್ಲೆಲ್ಲೋ ಹೋಗ್ತಾನೆ ಕಣೋ. ಬಾರಿಸೋರು ಅವನ ಕೈ ಬಿಟ್ಟಿಲ್ಲ ನೋಡು” ಅಂದರು. ವೀರಗಾಸೆ ನೋಡಿ ಬೆಳೆದ ಕಿವಿ ಅದು. ನನಗೆ ತಿಳಿಯೋಕೆ ವರ್ಷಗಳೇ ಬೇಕಾಗಿತ್ತು.

ಮಲೆನಾಡಿನವರು ತರಿಸಿದರೆ ಗೋಡೆಗೆ ತಾಗಿಸಿ ಇಡಬೇಡಿ, ಥಂಡಿ ಹಿಡಿಯುತ್ತೆ. ಒಂದರ ಮೇಲೊಂದು ಪೇರಿಸಲೂಬೇಡಿ, ನೆಟ್ಟಗೆ ನಿಲ್ಲಿಸಿ.

ಅದೇ ವ್ಯಾಪಾರಿಗೆ ಡಿಎನ್‌ಎಯ 1981ರ ರೆಕಾರ್ಡ್ ‘ಎ ಟೇಸ್ಟ್ ಆಫ್ ಡಿಎನ್‌ಎ’ ಹುಡುಕಲು ಹೇಳಿದ್ದೇನೆ. ಸಿಕ್ಕಿದರೆ ಎರಡೂ ಬದಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಫೋಟೊ ತೆಗೆದು ಕಳಿಸಿ ಅಂದಿದ್ದೇನೆ.