ಮಕ್ಕಳ ‘ಪ್ರಾಯೋಗಿಕ ಕಲಿಕೆ’ ಪ್ರವಾಸಕ್ಕೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ನಾನು ಚಿತ್ತಾಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ಡಿಸೆಂಬರಿನಲ್ಲಿ ನಮ್ಮ 62 ಮಕ್ಕಳನ್ನು ಬೀದರ್‌ಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಆದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಬೇರೆ ಶಾಲೆಯವರು, ಪಾಲಕರು ಇಂಥದ್ದರಲ್ಲಿ ಸಿಕ್ಕಿಬೀಳಬಾರದು.

ಪ್ರವಾಸ ಮಾಡಿಸುವ ಒಬ್ಬರು ಶಾಲೆಗೇ ಬಂದಿದ್ದರು. ಕೈಯಲ್ಲಿ ಬಣ್ಣದ ಕರಪತ್ರ, ಫೋನಿನಲ್ಲಿ ವಿಡಿಯೊ. ತಲೆಗೆ 850 ರೂಪಾಯಿ. ಪ್ರತಿ ಮಗುವೂ ತನ್ನ ಕೈಯಾರೆ ಒಂದು ಬಿದರಿ ಪದಕ ಮಾಡಿ ಮನೆಗೆ ಒಯ್ಯುತ್ತದೆ ಅಂದರು. ನೌಬಾದಿನ ಕರೇಜ್ (ನೆಲದಡಿಯ ಹಳೆ ನೀರಿನ ಕಾಲುವೆ) ಹತ್ತಿರ ನೀರಿನ ಪಾಠ, ಮಹಮೂದ್ ಗಾವಾನ್ ಮದರಸಾದಲ್ಲಿ ಅಳತೆ ಮಾಡಿ ನಕ್ಷೆ ಬರೆಯುವುದು, ಎರಡು ಬಸ್ಸು, ಊಟ, ಹುಡುಗಿಯರ ಜೊತೆಗೆ ಒಬ್ಬ ಮಹಿಳೆ. ನಾವು 40,000 ಮುಂಗಡ ಫೋನ್‌ಪೇ ಮಾಡಿದೆವು. ರಸೀದಿ ಕೇಳಿದೆ. ‘ಹೋಗಿ ಬಂದ ಮ್ಯಾಲೆ ಒಮ್ಮೆಲೆ ಕೊಡ್ತೀನ್ರಿ ಸರ’ ಅಂದರು. ನಾನು ಅಲ್ಲೇ ನಿಲ್ಲಿಸಬೇಕಿತ್ತು.

ನಮ್ಮ ಮಕ್ಕಳ ಮನೆಯವರು ಹೆಚ್ಚಾಗಿ ತೊಗರಿ ಹೊಲದಲ್ಲಿ, ಶಹಾಬಾದ್ ಕಲ್ಲಿನ ಗಣಿಯಲ್ಲಿ ಕೂಲಿ ಮಾಡುವವರು. 850 ರೂಪಾಯಿ ಅಂದರೆ ಅವರಿಗೆ ಎರಡು ಮೂರು ದಿನದ ದುಡಿಮೆ. ಆದರೂ ಕೊಟ್ಟರು. ಯಾಕೆಂದರೆ ಮಾಸ್ತರ್ ಹೇಳಿದ್ದಾರೆ, ಮಗ ಏನೋ ಕಲಿತು ಬರ್ತಾನೆ ಅಂತ.

ಹೋಗುವ ಮುಂಚೆ ಒಂದು ವಾರ ನಾನು ಕ್ಲಾಸಿನಲ್ಲಿ ಬಿದರಿಯ ಬಗ್ಗೆ ಹೇಳಿದ್ದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಸವರಿದರೆ ಮೇಲ್ಮೈ ಸದ್ಯಕ್ಕೆ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಉಳಿಯಿಂದ ಚಿತ್ತಾರ ಕೊರೆದರೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಆ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಮಿಶ್ರಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಹತ್ತನೇ ಕ್ಲಾಸಿನ ಲೋಹ-ಅಲೋಹ ಪಾಠ ಇಡೀ ಅದರಲ್ಲೇ ಇದೆ. ಇಷ್ಟು ಒಳ್ಳೆ ಪ್ರಯೋಗಶಾಲೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇರುವಾಗ ಬರೀ ಬೋರ್ಡಿನ ಮೇಲೆ ಬರೆದು ಮುಗಿಸಲು ನನಗೆ ಮನಸ್ಸಾಗಲಿಲ್ಲ.

ಬೆಳಿಗ್ಗೆ ಐದಕ್ಕೆ ಬರಬೇಕಿದ್ದ ಬಸ್ಸು ಏಳೂವರೆಗೆ ಬಂತು. ಎರಡಲ್ಲ, ಒಂದೇ. 49 ಸೀಟು. ಮಹಿಳೆ ಯಾರೂ ಇರಲಿಲ್ಲ. ‘ಸಣ್ಣ ಹುಡುಗರಲ್ರಿ, ಸರ್ಕೊಂಡು ಕೂಡ್ತಾರ’ ಅಂದ ಡ್ರೈವರ್. ಮಕ್ಕಳು ನಸುಕಿನಿಂದ ಚಳಿಯಲ್ಲಿ ಕಾಯುತ್ತಿದ್ದರು, ವಾಪಸ್ ಹೋಗಿ ಅನ್ನಲು ನನಗೆ ಬಾಯಿ ಬರಲಿಲ್ಲ. ಅದು ನನ್ನ ತಪ್ಪು. ಬಿಇಒ ಕಚೇರಿಯ ಅನುಮತಿ, ಪಾಲಕರ ಒಪ್ಪಿಗೆ ಪತ್ರ ಎಲ್ಲ ಸರಿಯಾಗಿ ಮಾಡಿಕೊಂಡಿದ್ದ ನಾನು ಬಸ್ಸಿನ ಕಾಗದ ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಹುಮನಾಬಾದ್ ದಾಟಿದ ಮೇಲೆ ಗೈಡ್ ಹುಡುಗ ಎದ್ದು ಎಲ್ಲರಿಗೂ ಸರ್ಟಿಫಿಕೇಟ್ ಹಂಚಿದ. ‘ಬಿದರಿ ಕಲೆಯ ಪ್ರಾಯೋಗಿಕ ತರಬೇತಿ ಯಶಸ್ವಿಯಾಗಿ ಮುಗಿಸಿದ್ದಾರೆ’ ಅಂತ ಅಚ್ಚಾಗಿತ್ತು. ಹೆಸರಿನ ಜಾಗ ಖಾಲಿ. ಇನ್ನೂ ಬೀದರ್ ಮುಟ್ಟಿರಲಿಲ್ಲ.

ಅವರು ಕರೆದುಕೊಂಡು ಹೋಗಿದ್ದು ಒಂದು ಮಾರಾಟದ ಅಂಗಡಿಗೆ. ಹಿಂದಿನ ಕೋಣೆಯಲ್ಲಿ ಒಬ್ಬರೇ ಕುಶಲಕರ್ಮಿ ಕೂತು ಹೂದಾನಿಯೊಂದಕ್ಕೆ ತಂತಿ ಕೂರಿಸುತ್ತಿದ್ದರು. ನಮ್ಮನ್ನು ನೋಡಿ ಗಾಬರಿಯಾದರು. ‘ಇವತ್ತು ಸಾಲಿ ಮಕ್ಕಳು ಬರ್ತಾರಂತ ನನಗ್ಯಾರೂ ಹೇಳಿಲ್ರಿ ಸರ. ಮೊದಲೇ ಹೇಳಿದ್ರ ಸಣ್ಣ ಸಣ್ಣ ತುಂಡು ರೆಡಿ ಇಡ್ತಿದ್ದೆ’ ಅಂದರು. ಅವರದೇನೂ ತಪ್ಪಿಲ್ಲ. ಪಾಪ, ಕೆಲಸ ಬಿಟ್ಟು ಹತ್ತು ನಿಮಿಷ ವಿವರಿಸಿದರು. ಬಾಗಿಲಲ್ಲಿ ನಿಂತ ಹದಿನೈದು ಮಕ್ಕಳಿಗೆ ಕಂಡಿತು, ಹಿಂದಿದ್ದವರಿಗೆ ಅವರ ತಲೆ ಕಂಡಿತು ಅಷ್ಟೆ. ನಮ್ಮ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ರಜೆಯಲ್ಲಿ ಅಪ್ಪನ ಜೊತೆ ಕಲ್ಲು ಒಡೆಯುವವನು. ಉಳಿ ಹಿಡಿಯುವುದು ಅವನ ಕೈಗೆ ಗೊತ್ತು. ಅವರ ಉಳಿ ಹೋದ ಕಡೆಯೆಲ್ಲ ಅವನ ಹೆಬ್ಬೆರಳು ಗಾಳಿಯಲ್ಲಿ ಹಾಗೇ ಆಡುತ್ತಿತ್ತು. ‘ಸರ, ನಮಗ ಯಾವಾಗ ಕೊಡ್ತಾರ?’ ಅಂತ ಎರಡು ಸಲ ಕೇಳಿದ. ಅಷ್ಟರಲ್ಲಿ ಗೈಡ್ ‘ನಡೀರಿ, ಕೀಚೈನ್ ಹೊರಗ ಸಿಗ್ತಾವ, ನೂರೈವತ್ತು ರೂಪಾಯಿ’ ಅಂದ.

ಮದರಸಾದಲ್ಲಿ ಕಾಲು ಗಂಟೆಯೂ ನಿಲ್ಲಿಸಲಿಲ್ಲ. ಬಹಮನಿ ಮಂತ್ರಿ ಗಾವಾನ್ 1472ರಲ್ಲಿ ಕಟ್ಟಿಸಿದ ವಿದ್ಯಾಲಯ ಅದು. ಗೈಡ್ ಹುಡುಗ ಅದನ್ನು ಅರಮನೆ ಅಂದ. ತಪ್ಪು ಹೇಳಬೇಡಪ್ಪ ಅಂತ ನಾನೇ ಮುಂದೆ ಬಂದು ಮಕ್ಕಳಿಗೆ ಹೇಳಿದೆ. ಅಳತೆ ಮಾಡಲು ಟೇಪು ತಂದಿರಲಿಲ್ಲ.

ನನಗೆ ಇವತ್ತಿಗೂ ಎದೆ ಝಲ್ ಅನ್ನುವುದು ಕರೇಜ್ ನೆನೆದರೆ. ನೆಲದಡಿ ಕಾಲುವೆ ಕೊರೆದು ಊರಿಗೆ ನೀರು ತಂದ ಬಹಮನಿ ಕಾಲದ ಕೆಲಸ ಅದು. ಮಳೆ ನೀರು ಬೀದರ್‌ನ ಜಂಬಿಟ್ಟಿಗೆ ಕಲ್ಲಿನೊಳಗೆ ಸೋಸಿಕೊಂಡು ಇಳಿದು, ಕೆಳಗಿನ ಗಟ್ಟಿ ಬಂಡೆ ಸಿಕ್ಕಲ್ಲಿ ನಿಲ್ಲುತ್ತದೆ. ಅದನ್ನು ಹಿಡಿದು ಪಂಪಿಲ್ಲದೆ ಇಳಿಜಾರಿನಲ್ಲೇ ಹರಿಸಿದ್ದಾರೆ. ಕಾಲುವೆಯ ಉದ್ದಕ್ಕೂ ಸಾಲಾಗಿ ಗಾಳಿಬಾವಿಗಳಿವೆ. ಗೈಡ್ ‘ಇಣುಕಿ ನೋಡ್ರಿ’ ಅಂತ ಹೇಳಿ ಫೋನ್ ಹಿಡಿದು ದೂರ ಹೋದ. ಹತ್ತಿಪ್ಪತ್ತು ಹುಡುಗರು ಒಂದು ಬಾವಿಯ ಅಂಚಿಗೆ ಒಬ್ಬರ ಮೇಲೊಬ್ಬರು ಬಗ್ಗಿದರು. ಹಿಂದಿನವರು ತಳ್ಳುತ್ತಿದ್ದರು. ನಾನೂ ಹಿಂದಿ ಮೇಡಮ್ಮೂ ಓಡಿಹೋಗಿ ಅಂಗಿ ಹಿಡಿದು ಎಳೆದೆವು. ಹಗ್ಗವಿಲ್ಲ, ಪ್ರಥಮ ಚಿಕಿತ್ಸೆಯ ಡಬ್ಬಿಯೂ ಇಲ್ಲ. ಒಬ್ಬ ಜಾರಿದ್ದರೆ?

ಊಟ ಸಿಕ್ಕಿದ್ದು ಮೂರೂವರೆಗೆ. ಅಲ್ಲಿಯ ತನಕ ಹುಡುಗಿಯರಿಗೆ ಶೌಚಾಲಯದ ಏರ್ಪಾಡೇ ಇರಲಿಲ್ಲ. ಅದಕ್ಕೇ ಹೆದರಿ ಬೆಳಿಗ್ಗೆಯಿಂದ ಎಷ್ಟೋ ಜನ ನೀರೇ ಕುಡಿದಿರಲಿಲ್ಲವಂತೆ. ಒಬ್ಬಳು ತಲೆ ತಿರುಗಿ ಬಿದ್ದಳು. ಊರು ಮುಟ್ಟಿದಾಗ ರಾತ್ರಿ ಹನ್ನೊಂದೂ ಮುಕ್ಕಾಲು. ಬಸ್ ಸ್ಟ್ಯಾಂಡಿನಲ್ಲಿ ಅವರ ಅವ್ವ-ಅಪ್ಪ ಎಲ್ಲ ನಿಂತಿದ್ದರು.

ಮರುದಿನದಿಂದ ಪ್ರವಾಸ ಮಾಡಿಸಿದ ಆ ಮನುಷ್ಯ ಫೋನ್ ಎತ್ತಲಿಲ್ಲ. ಆಮೇಲೊಂದು ಮೆಸೇಜ್ ಬಂತು: ಮುಂಗಡ ವಾಪಸ್ ಕೊಡುವುದಿಲ್ಲ.

ದಯವಿಟ್ಟು ಒಂದು ಮಾಡಿ. ಕೈಯಿಂದ ಮಾಡಿಸುತ್ತೇವೆ ಅಂದವರನ್ನು ಕೇಳಿ: ಕಲಿಸುವವರು ಯಾರು? ಅವರ ನಂಬರ್ ತೆಗೆದುಕೊಂಡು ನೀವೇ ಮಾತಾಡಿ. ಒಂದು ಸಲಕ್ಕೆ ಎಷ್ಟು ಮಕ್ಕಳು, ಎಷ್ಟು ಉಳಿ, ಎಷ್ಟು ಹೊತ್ತು? ಇದಕ್ಕೆ ತಡವರಿಸಿದರೆ ಅಲ್ಲಿಗೇ ಬಿಡಿ. ಹೇಳಿದ್ದನ್ನೆಲ್ಲ ಕಾಗದದಲ್ಲಿ ಬರೆಸಿಕೊಳ್ಳಿ, ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ. ಬಸ್ಸಿನ ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ವಿಮೆ ನೋಡಿ. ನನ್ನ ಕೇಳಿದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಡಿಪೋದಿಂದ ಬಸ್ಸನ್ನೇ ಒಪ್ಪಂದದ ಮೇಲೆ ತೆಗೆದುಕೊಳ್ಳುವುದು ಒಳ್ಳೆಯದು, ಮಧ್ಯೆ ಯಾರೂ ಬೇಕಿಲ್ಲ. ಮೊದಲ ಸಲವಾದರೆ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಹೋಗಿಬನ್ನಿ, ಅಲ್ಲಿ ಮಕ್ಕಳು ತಾವೇ ಮುಟ್ಟಿ, ತಿರುಗಿಸಿ ನೋಡುವಂಥವು ಇವೆ. ಇಷ್ಟಾಗಿಯೂ ಮೋಸ ಹೋದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾವೂ ಮಾಡಿದ್ದೇವೆ. ಫೋನ್‌ಪೇ ಸ್ಕ್ರೀನ್‌ಶಾಟ್, ಕರಪತ್ರ ಬಿಟ್ಟರೆ ನಮ್ಮ ಹತ್ತಿರ ಬೇರೆ ದಾಖಲೆ ಇಲ್ಲ, ಅದೇ ತೊಂದರೆ.

ಸರ್ಟಿಫಿಕೇಟುಗಳನ್ನೂ ದೂರಿಗೆ ಲಗತ್ತಿಸಲು ವಾಪಸ್ ತರಿಸಿದ್ದೇನೆ. ಕೇಳುವ ಮುಂಚೆಯೇ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ತಂದು ಟೇಬಲ್ ಮೇಲೆ ಇಟ್ಟಿದ್ದಳು. ಹೆಸರು ಬರೆದಿರಲಿಲ್ಲ. ‘ನಾ ಏನೂ ಮಾಡಿಲ್ಲಲ್ರಿ ಸರ, ಹ್ಯಾಂಗ ಬರಕೊಳ್ಳಲಿ?’ ಅಂದಳು.